ಕಟ್ಟಿದ ಮೇಲಿನ ಲೆಕ್ಕ

ಸೇವೆ ಹೃದಯಕ್ಕೆ ಸೇರಿದ್ದು, ಲೆಕ್ಕ ಗುಮಾಸ್ತನಿಗೆ ಸೇರಿದ್ದು ಎಂಬ ಭಾವನೆ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ದಾನಿಯ ಔದಾರ್ಯವನ್ನು ಸಭೆಯಲ್ಲಿ ಕೊಂಡಾಡುವವರು, ಆ ದಾನದ ಪ್ರತಿ ಪೈಸೆಗೂ ರಸೀದಿ ಬರೆದು, ವೋಚರು ಜೋಡಿಸಿ, ವರ್ಷಾಂತ್ಯದಲ್ಲಿ ಜಮಾಖರ್ಚನ್ನು ಸರಿದೂಗಿಸುವವರನ್ನು ಸ್ಮರಿಸುವುದು ಅಪರೂಪ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದು ವಾಡಿಕೆ. ಅದೇ ಕೊಠಡಿಯನ್ನು ಗುಡಿಸುವವರ ಸಂಬಳಕ್ಕೆ ಹಣ ಕೊಟ್ಟವರ ಹೆಸರಿಗೆ ಶಿಲೆಯಿಲ್ಲ. ಹೆಚ್ಚಿನ ಕಡೆಗಳಲ್ಲಿ ಅಂಥ ದಾನಿಯೇ ಇರುವುದಿಲ್ಲ.

ಈ ಭಾವನೆ ಎಲ್ಲ ಸೇವಾಕಾರ್ಯಗಳಿಗೂ ತೊಡಕೇ ಆಗಿದ್ದರೂ ನೈರ್ಮಲ್ಯದ ಕಾರ್ಯಕ್ಕೆ ವಿಶೇಷವಾಗಿ ಹಾನಿಕರವಾದುದು. ಬಾವಿ ತೋಡಿಸಿದರೆ ಜನ ತಾವಾಗಿಯೇ ಕೊಡ ಹಿಡಿದು ಬರುತ್ತಾರೆ. ಶೌಚಾಲಯ ಕಟ್ಟಿಸಿದ ಮಾತ್ರಕ್ಕೆ ಅದರ ಬಳಕೆ ತಾನಾಗಿ ಆರಂಭವಾಗುವುದಿಲ್ಲ. ಒಳಗೆ ನೀರು ಬೇಕು, ಬಾಗಿಲಿಗೆ ಅಗಳಿ ಬೇಕು, ಪೊರಕೆ ಬೇಕು, ಪೊರಕೆ ಹಿಡಿಯುವ ಕೈಗೆ ಕೂಲಿ ಬೇಕು. ಕೆಲವು ವರ್ಷಗಳ ಮೇಲೆ ತುಂಬಿದ ಗುಂಡಿಯನ್ನು ಬರಿದು ಮಾಡುವ ಏರ್ಪಾಡು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಶೌಚಾಲಯ ಸೌದೆ ಒಟ್ಟುವ ಉಗ್ರಾಣವಾಗಿ ಬಿಡುತ್ತದೆ. ಆದ್ದರಿಂದ ನೈರ್ಮಲ್ಯ ಸಂಸ್ಥೆಯ ಲೆಕ್ಕಪುಸ್ತಕವು ಕಟ್ಟಡ ಮುಗಿದ ದಿನ ಮುಚ್ಚುವಂಥದಲ್ಲ, ಅಂದು ನಿಜವಾಗಿ ತೆರೆಯುವಂಥದು. ಈ ಮಾತನ್ನು ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ಬಹಳ ಬೆಲೆ ತೆತ್ತು ಕಲಿತಿವೆ. ಅವುಗಳ ಹಣಕಾಸಿನ ನಿರ್ವಹಣೆಯಲ್ಲಿ ಸಣ್ಣ ವಿದ್ಯಾಸಂಸ್ಥೆಗಳ ಆಡಳಿತಗಾರರೂ ದಾನಿಗಳೂ ಗಮನಿಸಬೇಕಾದ ಅಂಶಗಳು ಹಲವಿವೆ.

ಮೊದಲು ಈ ಕಾರ್ಯದ ವಿಸ್ತಾರವನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಪ್ರಕಟಿಸುವ ಅಂಕಿ ಅಂಶಗಳಂತೆ 2024ರಲ್ಲಿ ಜಗತ್ತಿನ ಸುಮಾರು 340 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಲ್ಪಡುವ ಶೌಚ ವ್ಯವಸ್ಥೆ ಇರಲಿಲ್ಲ. 35 ಕೋಟಿಗೂ ಮಿಕ್ಕಿ ಜನ ಬಯಲನ್ನೇ ಆಶ್ರಯಿಸಿದ್ದರು. ಸುಮಾರು 170 ಕೋಟಿ ಜನರ ಮನೆಗಳಲ್ಲಿ ಸಾಬೂನು ನೀರಿನಿಂದ ಕೈ ತೊಳೆಯುವ ಅನುಕೂಲ ಸರಿಯಾಗಿರಲಿಲ್ಲ. ಇಲ್ಲಿ ‘ಸುರಕ್ಷಿತವಾಗಿ ನಿರ್ವಹಿಸಲ್ಪಡುವ’ ಎಂಬ ವಿಶೇಷಣ ಗಮನಾರ್ಹ. ಶೌಚಾಲಯ ಇದೆಯೇ ಎಂದು ಮಾತ್ರ ಕೇಳಿ ತೃಪ್ತವಾಗದೆ, ಅದರ ಮಲ ಎಲ್ಲಿಗೆ ಹೋಗುತ್ತದೆ, ಯಾರು ಅದನ್ನು ನೋಡಿಕೊಳ್ಳುತ್ತಾರೆ ಎಂಬುದನ್ನೂ ಆ ಗಣನೆ ಕೇಳುತ್ತದೆ. ನಿರ್ವಹಣೆಯಿಲ್ಲದ ಶೌಚಾಲಯವನ್ನು ಜಗತ್ತಿನ ಗಣಿತವೇ ಪೂರ್ಣವೆಂದು ಎಣಿಸುವುದಿಲ್ಲವೆಂದ ಮೇಲೆ ದಾನಿಯ ಗಣಿತ ಅದನ್ನು ಪೂರ್ಣವೆಂದು ಎಣಿಸುವುದು ಹೇಗೆ ಸರಿಯಾದೀತು?

ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಅಂತರರಾಷ್ಟ್ರೀಯ ಕುಡಿಯುವ ನೀರು ಮತ್ತು ನೈರ್ಮಲ್ಯ ದಶಕವೆಂದು ಘೋಷಿಸಿತು. ಬ್ರಿಟನ್ನಿನ ಜಲಸರಬರಾಜು ಕ್ಷೇತ್ರದವರು ಸೇರಿ 1981ರಲ್ಲಿ ವಾಟರ್‌ಏಡ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ದಶಕದ ಕೊನೆಗೆ, 1990ರ ಸೆಪ್ಟೆಂಬರಿನಲ್ಲಿ, ನವದೆಹಲಿಯಲ್ಲಿ ಜಾಗತಿಕ ಸಮಾಲೋಚನೆಯೊಂದು ನಡೆಯಿತು. ಕೆಲವರಿಗೆ ಹೆಚ್ಚು ಕೊಡುವುದಕ್ಕಿಂತ ಎಲ್ಲರಿಗೂ ಸ್ವಲ್ಪವಾದರೂ ದೊರಕಿಸುವುದೇ ಲೇಸೆಂಬ ವಿಚಾರ ಅಲ್ಲಿ ಪ್ರಾಧಾನ್ಯ ಪಡೆಯಿತು. ಅದೇ ಕಾಲದಲ್ಲಿ ಜಲ ಮತ್ತು ನೈರ್ಮಲ್ಯ ಸಹಯೋಗ ಮಂಡಳಿ ರೂಪುಗೊಂಡು, ಜಿನೀವಾದಲ್ಲಿ ನೆಲೆಯಾಗಿ, 2008ರಲ್ಲಿ ಜಾಗತಿಕ ನೈರ್ಮಲ್ಯ ನಿಧಿಯನ್ನು ಸ್ಥಾಪಿಸಿತು. ಈ ನಿಧಿಯ ಹಣ ಮಡಗಾಸ್ಕರ್, ನೇಪಾಳ, ಸೆನೆಗಲ್, ಮಲಾವಿ, ಇಥಿಯೋಪಿಯ, ಕಾಂಬೋಡಿಯ ಮೊದಲಾಗಿ 13 ದೇಶಗಳಿಗೆ ಹರಿಯಿತು. ಭಾರತದಲ್ಲಿ ಅಸ್ಸಾಂ, ಬಿಹಾರ ಮತ್ತು ಜಾರ್ಖಂಡ ರಾಜ್ಯಗಳಿಗೆ ತಲುಪಿತು. 2021ರಲ್ಲಿ ಮಂಡಳಿಯೇ ನೈರ್ಮಲ್ಯ ಮತ್ತು ಸ್ವಚ್ಛತಾ ನಿಧಿಯಾಗಿ ರೂಪಾಂತರ ಹೊಂದಿತು.

ಇಂಥ ನಿಧಿಯ ಹಣ ಸಾಗುವ ದಾರಿ ದೀರ್ಘವಾದುದು. ಯೂರೋಪಿನ ಒಂದು ಸರ್ಕಾರದ ಖಜಾನೆಯಿಂದ ಹೊರಟ ಹಣ ಜಿನೀವಾ ತಲುಪುತ್ತದೆ. ಅಲ್ಲಿಂದ ಒಂದು ದೇಶದ ಕಾರ್ಯಕಾರಿ ಸಂಸ್ಥೆಗೆ, ಅದರಿಂದ ಜಿಲ್ಲೆಗಳಲ್ಲಿ ದುಡಿಯುವ ಸಣ್ಣ ಸಂಘಗಳಿಗೆ, ಆ ಸಂಘಗಳಿಂದ ಕೊನೆಗೆ ಬಸ್ಸು ನಿಲ್ಲದ ಹಳ್ಳಿಗೆ ನಡೆದು ಹೋಗುವ ಕಾರ್ಯಕರ್ತೆಯ ಕೈಗೆ ಮುಟ್ಟುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ನಾಣ್ಯ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಲೆಕ್ಕ ಬರೆಯುವ ರೂಢಿಯೂ ಬದಲಾಗುತ್ತದೆ. ಕೊಡುವ ಸರ್ಕಾರಕ್ಕೆ ತನ್ನ ಸಂಸತ್ತಿಗೆ ಉತ್ತರ ಹೇಳುವ ಹೊಣೆಯಿದೆ; ಹಳ್ಳಿಯ ಸಂಘಕ್ಕೆ ನಾಳೆಯ ಸಭೆಗೆ ಚಾಪೆ ಹಾಸುವ ಚಿಂತೆಯಿದೆ. ಈ ಎರಡು ಹೊಣೆಗಳ ನಡುವೆ ನಿಂತು, ಎರಡನ್ನೂ ಒಂದೇ ಪುಟದಲ್ಲಿ ಓದುವಂತೆ ಮಾಡುವವರೇ ಹಣಕಾಸಿನ ಅಧಿಕಾರಿಗಳು.

ಅವರ ನಿತ್ಯಕಾರ್ಯ ಹೊರಗಿನವರಿಗೆ ನೀರಸವಾಗಿ ಕಾಣಬಹುದು. ಸಣ್ಣ ಸಂಘಕ್ಕೆ ಮುಂಗಡ ಕೊಡದಿದ್ದರೆ ಅದು ಕೆಲಸ ಆರಂಭಿಸಲಾರದು, ಏಕೆಂದರೆ ಅದಕ್ಕೆ ಸ್ವಂತ ಬಂಡವಾಳವಿಲ್ಲ. ಮುಂಗಡವನ್ನು ಅತಿಯಾಗಿ ಕೊಟ್ಟರೆ ಲೆಕ್ಕ ಒಪ್ಪಿಸುವಾಗ ತೊಂದರೆ ಬರುತ್ತದೆ. ಆದ್ದರಿಂದ ಕೆಲವು ತಿಂಗಳ ಹಣವನ್ನು ಕೊಟ್ಟು, ಅದರ ಲೆಕ್ಕ ಬಂದ ಮೇಲೆ ಮುಂದಿನ ಕಂತನ್ನು ಬಿಡುಗಡೆ ಮಾಡುವುದು ರೂಢಿಯಲ್ಲಿದೆ. ಕಂತು ಒಂದು ತಿಂಗಳು ತಡವಾದರೆ ಕಾರ್ಯಕರ್ತೆಯ ಮನೆಯಲ್ಲಿ ಅಕ್ಕಿ ತಡವಾಗುತ್ತದೆ. ಒಂದು ವೋಚರು ಕಾಣೆಯಾದುದಕ್ಕೆ ಇಡೀ ಜಿಲ್ಲೆಯ ಕಂತನ್ನು ತಡೆಯುವ ಅಧಿಕಾರಿ ನಿಯಮವನ್ನು ಪಾಲಿಸಿದಂತಾಯಿತು, ಕಾರ್ಯವನ್ನು ಕೆಡಿಸಿದಂತೆಯೂ ಆಯಿತು. ವೋಚರು ಏಕೆ ಕಾಣೆಯಾಯಿತೆಂದು ಕೇಳದೆ ಕಂತನ್ನು ಬಿಟ್ಟವರು ಮುಂದಿನ ವರ್ಷದ ವಂಚನೆಗೆ ದಾರಿ ಮಾಡಿದಂತಾಯಿತು. ಈ ಎರಡರ ನಡುವಣ ವಿವೇಕವೇ ಆ ವೃತ್ತಿಯ ಸಾರ.

ಇದಕ್ಕಿಂತ ಗಹನವಾದ ಪ್ರಶ್ನೆ ಇನ್ನೊಂದಿದೆ: ನೈರ್ಮಲ್ಯಕ್ಕೆಂದು ಕೊಟ್ಟ ಹಣ ವಾಸ್ತವವಾಗಿ ಏನನ್ನು ಕೊಂಡುಕೊಳ್ಳುತ್ತದೆ? ಇದಕ್ಕೆ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೋಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಸುಮಾರು 2000ದಲ್ಲಿ ನಡೆದ ಪ್ರಯೋಗ ಉತ್ತಮ ನಿದರ್ಶನ. ವಾಟರ್‌ಏಡ್ ಸಂಸ್ಥೆಯೂ ಅದರ ಸ್ಥಳೀಯ ಸಹಯೋಗಿಗಳೂ ಅಲ್ಲಿ ಶೌಚಾಲಯಗಳಿಗೆ ಸಹಾಯಧನ ಕೊಡುತ್ತಿದ್ದವು. ಆ ಕಾರ್ಯಕ್ರಮದ ಮೌಲ್ಯಮಾಪನಕ್ಕೆಂದು ಹೋದ ಭಾರತೀಯ ತಜ್ಞ ಕಮಲ್ ಕರ್ ಅವರಿಗೆ ಸಹಾಯಧನವೇ ತೊಡಕಾಗಿದೆಯೆಂದು ತೋರಿತು. ಹಣ ಬಂದವರು ಕಟ್ಟಿಕೊಂಡರು, ಬಾರದವರು ಕಾದು ಕುಳಿತರು. ಊರಿನ ಬಯಲು ಮಾತ್ರ ಇದ್ದಂತೆಯೇ ಇತ್ತು. ಅವರು ಊರಿನವರನ್ನೆಲ್ಲ ಕೂಡಿಸಿ, ಬಯಲಿನ ಮಲ ಹೇಗೆ ನೊಣದ ಕಾಲಿನಿಂದಲೂ ಮಳೆಯ ನೀರಿನಿಂದಲೂ ತಮ್ಮ ತಮ್ಮ ತಟ್ಟೆಗೇ ಬರುತ್ತದೆಂಬುದನ್ನು ಅವರೇ ಕಂಡುಕೊಳ್ಳುವಂತೆ ಮಾಡಿದರು. ತಿಳಿದ ಜನ ತಮ್ಮ ಶಕ್ತ್ಯನುಸಾರ ಶೌಚಾಲಯ ಕಟ್ಟಿಕೊಂಡರು. ಸಮುದಾಯವೇ ಮುಂದಾಳತ್ವ ವಹಿಸುವ ಈ ವಿಧಾನ ಮುಂದೆ ಏಷ್ಯಾ, ಆಫ್ರಿಕಾಗಳ ಅನೇಕ ದೇಶಗಳಿಗೆ ಹಬ್ಬಿತು. ಜಾಗತಿಕ ನೈರ್ಮಲ್ಯ ನಿಧಿಯೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿತು.

ಈ ವಿಧಾನಕ್ಕೆ ಟೀಕೆಗಳೂ ಬಂದಿವೆ. ನಾಚಿಕೆಯನ್ನು ಸಾಧನವಾಗಿ ಬಳಸುವುದು ಬಡವರ ಮರ್ಯಾದೆಗೆ ಕುಂದೆಂದು ಕೆಲವರು ಆಕ್ಷೇಪಿಸಿದರು. ಕಡುಬಡವರು ಸ್ವಂತ ಹಣದಿಂದ ಕಟ್ಟಿಕೊಂಡ ತಡಿಕೆಯ ಶೌಚಾಲಯ ಒಂದು ಮಳೆಗಾಲಕ್ಕೆ ಕುಸಿಯುತ್ತದೆಂದು ಮತ್ತೆ ಕೆಲವರು ತೋರಿಸಿಕೊಟ್ಟರು. ಆ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಲೆಕ್ಕದ ದೃಷ್ಟಿಯಿಂದ ಮೋಸ್ಮೊಯಿಲ್ ಕಲಿಸಿದ ಪಾಠ ಬೇರೆ. ಸಿಮೆಂಟಿಗೆ ರಸೀದಿಯುಂಟು, ಅಭ್ಯಾಸಕ್ಕೆ ರಸೀದಿಯಿಲ್ಲ. ಜನರ ಅಭ್ಯಾಸವನ್ನು ಬದಲಿಸುವುದು ಮಾತು, ನಡಿಗೆ ಮತ್ತು ಮರುಭೇಟಿ. ಇವುಗಳ ಖರ್ಚು ಲೆಕ್ಕಪುಸ್ತಕದಲ್ಲಿ ಸಂಬಳ, ಪ್ರಯಾಣ ಭತ್ಯೆ, ತರಬೇತಿ ಎಂಬ ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ಹೆಸರುಗಳನ್ನು ಕಂಡೊಡನೆ ದಾನಿಯ ಹುಬ್ಬು ಗಂಟಿಕ್ಕುತ್ತದೆ. ಫಲ ಕೊಟ್ಟ ಖರ್ಚು ದುಂದಿನಂತೆ ಕಾಣುವುದೂ, ಫಲ ಕೊಡದ ಖರ್ಚು ಇಟ್ಟಿಗೆಯಾಗಿ ನಿಂತು ಸಾರ್ಥಕವೆನಿಸುವುದೂ ಈ ಕ್ಷೇತ್ರದ ವಿಪರ್ಯಾಸ.

ಭಾರತದ ಅನುಭವವೂ ಇದಕ್ಕೆ ಪೂರಕವಾದುದು. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಗ್ರಾಮೀಣ ಕುಟುಂಬವೊಂದಕ್ಕೆ 12,000 ರೂಪಾಯಿಗಳ ಪ್ರೋತ್ಸಾಹಧನ ದೊರೆಯಿತು. 5 ವರ್ಷಗಳಲ್ಲಿ 10 ಕೋಟಿಗೂ ಮಿಕ್ಕಿ ಶೌಚಾಲಯಗಳು ಏರ್ಪಟ್ಟುವು. ಆ ಪ್ರಮಾಣದ ನಿರ್ಮಾಣ ಸಾಮಾನ್ಯ ಸಾಧನೆಯಲ್ಲ. ಅಭಿಯಾನ ಅಲ್ಲಿಗೇ ನಿಲ್ಲಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. 2020ರಲ್ಲಿ ಮಂಜೂರಾದ ಎರಡನೆಯ ಹಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದಕ್ಕೂ ಮಲದ ಕೆಸರು ಮತ್ತು ಕೊಳಚೆನೀರಿನ ನಿರ್ವಹಣೆಗೂ ಗಮನ ಹರಿಸಿತು. ಕಟ್ಟಿದ ಮೇಲೂ ಲೆಕ್ಕವಿದೆಯೆಂಬುದನ್ನು ಸರ್ಕಾರವೇ ಒಪ್ಪಿದಂತಾಯಿತು.

ಕಟ್ಟಿದ ಮೇಲಿನ ಖರ್ಚಿಗೆ ಆದಾಯದ ಮೂಲವನ್ನು ಮೊದಲೇ ಗೊತ್ತುಮಾಡಿದವರಲ್ಲಿ ಬಿಂದೇಶ್ವರ ಪಾಠಕ್ ಅಗ್ರಗಣ್ಯರು. ಅವರು 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದರು. 1973ರಲ್ಲಿ ಆರಾ ಪಟ್ಟಣದ ಪುರಸಭೆ ಮಾದರಿಗಾಗಿ 2 ಶೌಚಾಲಯ ಕಟ್ಟಲು 500 ರೂಪಾಯಿ ಕೊಟ್ಟಿತು. ಮುಂದಿನ ಮಹತ್ಕಾರ್ಯಕ್ಕೆ ಅದೇ ಬೀಜಧನವಾಯಿತು. ಸಹಾಯಾನುದಾನವನ್ನು ನೆಚ್ಚದೆ, ಕಟ್ಟಿಕೊಡುವ ಕೆಲಸಕ್ಕೆ ನ್ಯಾಯವಾದ ಶುಲ್ಕ ಪಡೆದು ಅದರಿಂದಲೇ ಸಂಸ್ಥೆಯನ್ನು ನಡೆಸಬೇಕೆಂಬ ನೀತಿಯನ್ನು ಅವರು ಅನುಸರಿಸಿದರು. 1974ರಲ್ಲಿ ಪಾಟ್ನಾದಲ್ಲಿ ಹಣ ಕೊಟ್ಟು ಬಳಸುವ ಸಾರ್ವಜನಿಕ ಶೌಚಾಲಯ ತೆರೆದಾಗ, ಬಿಹಾರದ ಜನ ಇದಕ್ಕೆ ಕಾಸು ಕೊಡುವರೇ ಎಂದು ನಕ್ಕವರುಂಟು. ಜನ ಕೊಟ್ಟರು. ಅವರು ಕೊಟ್ಟ ಕಾಸು ಕಾವಲುಗಾರನ, ಗುಡಿಸುವವನ ಸಂಬಳವಾಗಿ, ಸಾಬೂನಾಗಿ, ನೀರಾಗಿ ಹಿಂದಿರುಗಿತು. 2009ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಗೆ ಪಾತ್ರರಾದ ಪಾಠಕ್ 2023ರ ಆಗಸ್ಟ್ 15ರಂದು ನಿಧನ ಹೊಂದಿದರು. ಶುಲ್ಕದ ಈ ಮಾರ್ಗ ಎಲ್ಲ ಕಡೆಗೂ ಒಗ್ಗುವುದಿಲ್ಲ. ಶಾಲೆಯ ಮಕ್ಕಳಿಂದಾಗಲಿ ಕಡುಬಡವರಿಂದಾಗಲಿ ಕಾಸು ಕೇಳುವುದು ಸಲ್ಲದು. ಆದರೂ ಕಟ್ಟುವ ಮೊದಲೇ ‘ಇದನ್ನು ತೊಳೆಯುವವರಿಗೆ ಯಾರು ಕೊಡುತ್ತಾರೆ?’ ಎಂದು ಕೇಳುವ ಅಭ್ಯಾಸ ಎಲ್ಲೆಡೆಗೂ ಸಲ್ಲುವಂಥದು.

ಇನ್ನು ಆಡಳಿತ ವೆಚ್ಚದ ವಿಚಾರ. ‘ಕೊಟ್ಟ ಹಣವೆಲ್ಲ ನೇರವಾಗಿ ಬಡವರಿಗೇ ಹೋಗಬೇಕು, ಕಚೇರಿಗೆ ಕಾಸೂ ಸಲ್ಲಬಾರದು’ ಎಂಬುದು ದಾನಿಗಳ ಸಹಜವಾದ ಇಚ್ಛೆ. ಈ ಇಚ್ಛೆಯನ್ನು ಕಾನೂನುಗಳೂ ಒಪ್ಪಂದಗಳೂ ಶೇಕಡಾವಾರು ಮಿತಿಯಾಗಿ ಬರೆದಿವೆ. ಯೂರೋಪಿಯನ್ ಒಕ್ಕೂಟವು ಹೊರದೇಶಗಳಲ್ಲಿನ ಕಾರ್ಯಕ್ಕೆ ಕೊಡುವ ಅನುದಾನದಲ್ಲಿ ಪರೋಕ್ಷ ವೆಚ್ಚಕ್ಕೆ ಸಾಮಾನ್ಯವಾಗಿ ಶೇಕಡ 7ರ ಮಿತಿಯನ್ನು ಇಟ್ಟಿದೆ. ಅಮೆರಿಕವು ಪ್ರತ್ಯೇಕ ದರವನ್ನು ಗೊತ್ತುಪಡಿಸಿಕೊಳ್ಳದ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ ಶೇಕಡ 10ರ ಪರೋಕ್ಷ ವೆಚ್ಚದ ದರವನ್ನು 2024ರ ಅಕ್ಟೋಬರಿನಿಂದ ಶೇಕಡ 15ಕ್ಕೆ ಏರಿಸಿತು. ಭಾರತದ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯ 2020ರ ತಿದ್ದುಪಡಿ ವಿರುದ್ಧ ದಿಕ್ಕಿನಲ್ಲಿ ನಡೆದು, ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ ಶೇಕಡ 20ಕ್ಕೆ ಇಳಿಸಿತು; ವಿದೇಶದಿಂದ ಬಂದ ಹಣವನ್ನು ಒಂದು ಸಂಸ್ಥೆ ಮತ್ತೊಂದು ಸಂಸ್ಥೆಗೆ ಹಂಚುವುದನ್ನು ನಿಷೇಧಿಸಿತು; ಅಂಥ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕೆಂದು ವಿಧಿಸಿತು.

ಈ ನಿಯಮಗಳ ಹಿಂದಿನ ಕಳವಳ ನ್ಯಾಯವಾದುದೇ. ಬಡವರ ಹೆಸರಿನಲ್ಲಿ ಬಂದ ಹಣ ವಾಹನಗಳಿಗೂ ಅತಿಥಿಗೃಹಗಳಿಗೂ ಕರಗುವುದು ಕೇವಲ ಕಲ್ಪನೆಯಲ್ಲ. ಪರದೇಶದ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕು ರಾಷ್ಟ್ರಕ್ಕೆ ಇದ್ದೇ ಇದೆ. ಆದರೆ ಮಿತಿ ಬಿಗಿಯಾದಷ್ಟೂ ಪ್ರಾಮಾಣಿಕತೆ ಬೆಳೆಯುತ್ತದೆಂದು ಭಾವಿಸುವುದು ತಪ್ಪು. ಒಳ್ಳೆಯ ಲೆಕ್ಕಿಗನ ಸಂಬಳ, ಆಂತರಿಕ ತಪಾಸಣೆ, ಲೆಕ್ಕಪರಿಶೋಧಕರ ಶುಲ್ಕ ಇವೆಲ್ಲ ಆಡಳಿತ ವೆಚ್ಚವೆಂಬ ತಲೆಬರಹದ ಕೆಳಗೇ ಬರುವುವಲ್ಲವೆ? ಕಳ್ಳತನವನ್ನು ತಡೆಯಬೇಕೆಂದು ಹಟ ಹಿಡಿದು ಕಾವಲುಗಾರನ ಸಂಬಳವನ್ನೇ ಕಡಿತ ಮಾಡಿದಂತಾಗುತ್ತದೆ. ಹಣದ ಮರುಹಂಚಿಕೆ ನಿಂತ ಮೇಲೆ, ದೆಹಲಿಯ ಕಚೇರಿಗಳೊಡನೆ ಸ್ವತಃ ವ್ಯವಹರಿಸಲಾರದ ಹಳ್ಳಿಯ ಸಂಘಗಳಿಗೆ ದೊಡ್ಡ ಸಂಸ್ಥೆಗಳ ಮೂಲಕ ಬರುತ್ತಿದ್ದ ವಿದೇಶೀ ನೆರವಿನ ದಾರಿ ಮುಚ್ಚಿತು. ನಿಯಂತ್ರಣ ಮತ್ತು ಪ್ರವೇಶ ಇವೆರಡನ್ನೂ ಉಳಿಸುವ ಮಧ್ಯಮಮಾರ್ಗವನ್ನು ಶಾಸನಕರ್ತರು ಇನ್ನೂ ಅರಸಬೇಕಾಗಿದೆ.

ಗೊತ್ತಾದ ಉದ್ದೇಶಕ್ಕೆ ಮಾತ್ರ ಬಳಸಬೇಕಾದ ನಿಧಿ, ಸಂಸ್ಥೆಯ ವಿವೇಚನೆಗೆ ಬಿಟ್ಟ ನಿಧಿ ಎಂಬ ಎರಡು ಬಗೆಗಳನ್ನು ಬ್ರಿಟನ್ನಿನ ದತ್ತಿಸಂಸ್ಥೆಗಳ ಲೆಕ್ಕಪದ್ಧತಿ ಬೇರೆ ಬೇರೆಯಾಗಿ ತೋರಿಸಲು ಹೇಳುತ್ತದೆ. ಮೊದಲನೆಯದು ಎಷ್ಟು ಹೇರಳವಾಗಿದ್ದರೂ ಎರಡನೆಯದು ಬರಿದಾದರೆ ಸಂಸ್ಥೆ ನಡೆಯದು. ಪೆಟ್ಟಿಗೆಯಲ್ಲಿ ಲಕ್ಷಗಳಿದ್ದೂ ದೀಪಕ್ಕೆ ಎಣ್ಣೆಯಿಲ್ಲದ ಸ್ಥಿತಿ ಅದು. ವಿನಿಮಯ ದರದ ಏರಿಳಿತ ಈ ಕಷ್ಟವನ್ನು ಇಮ್ಮಡಿಗೊಳಿಸುತ್ತದೆ. ಮಲಾವಿಯ ನಾಣ್ಯವಾದ ಕ್ವಾಚಾದ ಬೆಲೆಯನ್ನು ಅಲ್ಲಿನ ಕೇಂದ್ರ ಬ್ಯಾಂಕು 2022ರ ಮೇ ತಿಂಗಳಲ್ಲಿ ಶೇಕಡ 25ರಷ್ಟು, 2023ರ ನವೆಂಬರಿನಲ್ಲಿ ಶೇಕಡ 44ರಷ್ಟು ಅಪಮೌಲ್ಯಗೊಳಿಸಿತು. ಅಲ್ಲಿಯ ಸಂಘವೊಂದು ವರ್ಷದ ಮೊದಲಲ್ಲಿ ಕ್ವಾಚಾಗಳಲ್ಲಿ ಬರೆದ ಮುಂಗಡಪತ್ರ ವರ್ಷದ ಕೊನೆಗೆ ಅರ್ಥ ಕಳೆದುಕೊಳ್ಳುತ್ತದೆ. ಆಮದಾದ ಸಿಮೆಂಟು, ಕೊಳವೆ, ಪೆಟ್ರೋಲು ಏರುತ್ತವೆ. ಒಪ್ಪಂದದಲ್ಲಿ ಬರೆದ ಮೊತ್ತ ಏರುವುದಿಲ್ಲ. ಅಂಥ ಸಮಯದಲ್ಲಿ ಕೈಹಿಡಿಯುವುದು ಯಾವ ಉದ್ದೇಶಕ್ಕೂ ಕಟ್ಟಿಹಾಕದ ಸಣ್ಣ ಮೀಸಲು ನಿಧಿಯೇ.

ಮೀಸಲು ನಿಧಿಗೂ ಮೇರೆಯಿರಬೇಕು. ನೈರ್ಮಲ್ಯ ಮತ್ತು ಸ್ವಚ್ಛತಾ ನಿಧಿಗೆ ಆಶ್ರಯವಿತ್ತ ವಿಶ್ವಸಂಸ್ಥೆಯ ಯೋಜನಾ ಸೇವೆಗಳ ಕಾರ್ಯಾಲಯವು ಸದಸ್ಯರಾಷ್ಟ್ರಗಳ ನೇರ ವಂತಿಗೆಯಿಂದಲ್ಲದೆ, ಇತರರಿಗೆ ಮಾಡಿಕೊಡುವ ಕೆಲಸದ ಶುಲ್ಕದಿಂದ ನಡೆಯುವಂಥದು. ಶುಲ್ಕದಲ್ಲಿ ಉಳಿದುದು ವರ್ಷ ವರ್ಷವೂ ಕೂಡಿ ದೊಡ್ಡ ಗಂಟಾಯಿತು. ಆ ಗಂಟಿನಿಂದ ಸುಮಾರು 6 ಕೋಟಿ ಡಾಲರುಗಳನ್ನು ಮನೆ ನಿರ್ಮಾಣ, ಇಂಧನ ಮುಂತಾದ ಖಾಸಗಿ ಉದ್ಯಮಗಳಲ್ಲಿ ತೊಡಗಿಸಲಾಯಿತು; ಆ ಹೂಡಿಕೆ ನೈರ್ಮಲ್ಯಕ್ಕೆ ಸಂಬಂಧಿಸಿದುದಾಗಿರಲಿಲ್ಲ. ಅದರಲ್ಲಿ ಬಹುಭಾಗ ಅಪಾಯಕ್ಕೆ ಸಿಕ್ಕಿತೆಂಬುದು ಬಯಲಾಗಿ, 2022ರ ಮೇ ತಿಂಗಳಲ್ಲಿ ಕಾರ್ಯಾಲಯದ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅನ್ಯರ ಕಾರ್ಯಕ್ಕೆಂದು ಬಂದ ಹಣದ ಉಳಿಕೆಯನ್ನು ಸ್ವಂತ ಸಂಪತ್ತೆಂದು ಭಾವಿಸತೊಡಗಿದಾಗ ಎಂಥ ಗೌರವಸ್ಥ ಸಂಸ್ಥೆಗಾದರೂ ಈ ಗತಿ ಬರಬಹುದು. ಮೀಸಲು ಎಷ್ಟಿರಬೇಕು, ಏತಕ್ಕೆ ಇರಬೇಕು, ಯಾರ ಒಪ್ಪಿಗೆಯಿಂದ ಮುಟ್ಟಬೇಕು ಎಂಬ ಮೂರನ್ನೂ ಬರೆದಿಟ್ಟು ಪ್ರಕಟಿಸುವುದೇ ಇದಕ್ಕೆ ಪರಿಹಾರ.

ಒಬ್ಬನೇ ದೊಡ್ಡ ದಾನಿಯನ್ನು ನೆಚ್ಚುವುದರ ಅಪಾಯವನ್ನು 2025ನೆಯ ವರ್ಷ ಕಠೋರವಾಗಿ ಕಲಿಸಿತು. ಜನವರಿ 20ರಂದು ಅಮೆರಿಕದ ಹೊಸ ಆಡಳಿತ ವಿದೇಶೀ ನೆರವನ್ನು 90 ದಿನ ತಡೆಹಿಡಿಯಿತು. ಜುಲೈ 1ರಂದು ಆ ದೇಶದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ನೆರವಿನ ಕಾರ್ಯವೇ ಕೊನೆಗೊಂಡಿತು. ಮಾಡಿ ಮುಗಿಸಿದ ಕೆಲಸದ ಬಿಲ್ಲುಗಳಿಗೆ ಹಣ ಬಾರದೆ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲನ್ನು ಏರಬೇಕಾಯಿತು. ಫೆಬ್ರವರಿಯಲ್ಲಿ ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿಗೆ ಮೀಸಲಾದ ಪಾಲನ್ನು 2027ರ ವೇಳೆಗೆ ಶೇಕಡ 0.5ರಿಂದ 0.3ಕ್ಕೆ ಇಳಿಸುವುದಾಗಿ ಸಾರಿತು. ರಾಷ್ಟ್ರಗಳಿಗೆ ತಮ್ಮ ಹಣದ ಬಗ್ಗೆ ತೀರ್ಮಾನಿಸುವ ಸ್ವಾತಂತ್ರ್ಯವಿದೆ. ಆದರೆ ಅರ್ಧ ತೋಡಿದ ಗುಂಡಿಗೆ ರಾಜಕೀಯ ತಿಳಿಯದು. ಕೈಬಿಡುವಾಗಲೂ ಒಂದು ಕ್ರಮವಿರಬೇಕು. ನಿರ್ಗಮನದ ಖರ್ಚನ್ನು ಆಗಮನದ ದಿನವೇ ಎತ್ತಿಡಬೇಕು. ಒಂದು ಕಾರ್ಯವನ್ನು ಗೌರವದಿಂದ ಮುಗಿಸಿ ಸ್ಥಳೀಯರ ಕೈಗೆ ಒಪ್ಪಿಸುವಷ್ಟು ಹಣ ತನ್ನಲ್ಲಿ ಸದಾ ಇರುವಂತೆ ನೋಡಿಕೊಳ್ಳುವುದು ಕೋಶಾಧಿಕಾರಿಯ ಧರ್ಮ.

ಈ ಎಲ್ಲ ಮಾತುಗಳೂ ಕೊನೆಗೆ ಒಂದು ಗುಂಡಿಯ ಬಳಿಗೆ ಬಂದು ನಿಲ್ಲುತ್ತವೆ. ಜೋಡಿಗುಂಡಿಯ ಶೌಚಾಲಯದಲ್ಲಿ ಒಂದು ಗುಂಡಿ ತುಂಬಿದಾಗ ಮಲವನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದುದನ್ನು ಸುಮಾರು 2 ವರ್ಷ ಹಾಗೆಯೇ ಬಿಟ್ಟರೆ ಅದು ಗೊಬ್ಬರವಾಗುತ್ತದೆ; ಆಮೇಲೆ ಅದನ್ನು ತೆಗೆಯುವುದು ಅಪಾಯಕರವಲ್ಲ. ಆದರೆ ಅವಸರದಲ್ಲಿ ಅಥವಾ ಅಗ್ಗಕ್ಕೆಂದು ಒಂದೇ ಗುಂಡಿ ತೋಡಿದ ಕಡೆ, ಸೆಪ್ಟಿಕ್ ಟ್ಯಾಂಕ್ ಕಟ್ಟಿ ಮರೆತ ಕಡೆ, ಒಂದು ದಿನ ಅದು ತುಂಬುತ್ತದೆ. ಯಂತ್ರ ತರಿಸಲು ಹಣವಿಲ್ಲ, ಏಕೆಂದರೆ ಯಾವ ಮುಂಗಡಪತ್ರದಲ್ಲೂ ಆ ಸಾಲು ಬರೆದಿರಲಿಲ್ಲ. ಆಗ ಯಾರೋ ಒಬ್ಬನನ್ನು ಕರೆದು, ಕೆಲವು ನೂರು ರೂಪಾಯಿ ಕೊಟ್ಟು, ಒಳಕ್ಕೆ ಇಳಿಸುತ್ತಾರೆ. 2013ರ ಕಾಯಿದೆ ಇದನ್ನು ಅಪರಾಧವೆಂದು ಸಾರಿದೆ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಆದರೂ ವಿಷವಾಯು ಉಸಿರಾಡಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ; ಸಾಯುವವರು ಬಹುಮಟ್ಟಿಗೆ ತಲೆತಲಾಂತರದಿಂದ ಈ ಕೆಲಸಕ್ಕೆ ತಳ್ಳಲ್ಪಟ್ಟ ಜಾತಿಗಳವರೇ. ಮುಂಗಡಪತ್ರದಲ್ಲಿ ಬರೆಯದ ಖರ್ಚು ಇಲ್ಲವಾಗುವುದಿಲ್ಲ. ಅದು ಯಾರಾದರೊಬ್ಬರ ದೇಹದ ಮೇಲೆ ಬೀಳುತ್ತದೆ. ನೈರ್ಮಲ್ಯದ ಹಣಕಾಸು ಬರಿಯ ಗುಮಾಸ್ತಗಿರಿಯಲ್ಲವೆನ್ನಲು ಇದಕ್ಕಿಂತ ಬಲವಾದ ಪ್ರಮಾಣ ಬೇಕಾಗಿಲ್ಲ.

‘ಇಷ್ಟೆಲ್ಲ ಖರ್ಚನ್ನು ಸೇರಿಸಿದರೆ ಕಟ್ಟುವ ಶೌಚಾಲಯಗಳ ಸಂಖ್ಯೆ ಕಡಿಮೆಯಾಗುವುದಿಲ್ಲವೇ?’ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಗುತ್ತದೆ, ಅದನ್ನು ಮರೆಮಾಚಬೇಕಾಗಿಲ್ಲ. ನೂರು ಕಟ್ಟುವ ಹಣದಲ್ಲಿ ಎಂಬತ್ತನ್ನೇ ಕಟ್ಟಬೇಕಾದೀತು. ಆದರೆ ಆ ಎಂಬತ್ತೂ ಹತ್ತು ವರ್ಷದ ಮೇಲೆ ಬಳಕೆಯಲ್ಲಿದ್ದರೆ, ನೂರರಲ್ಲಿ ಅರವತ್ತು ಬೀಗ ಬಿದ್ದು ನಿಂತುದಕ್ಕಿಂತ ಅದು ದೊಡ್ಡ ಸಂಖ್ಯೆ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ‘ಕಟ್ಟಿದವು’ ಎಂಬ ಅಂಕಣದ ಪಕ್ಕದಲ್ಲಿ ‘5 ವರ್ಷಗಳ ಹಿಂದೆ ಕಟ್ಟಿದವುಗಳಲ್ಲಿ ಇಂದು ಬಳಕೆಯಲ್ಲಿರುವುವು’ ಎಂಬ ಇನ್ನೊಂದು ಅಂಕಣ ಇರಬೇಕು. ಆ ಎರಡನೆಯ ಅಂಕಣವನ್ನು ತುಂಬಲು ಮತ್ತೆ ಹಳ್ಳಿಗೆ ಹೋಗಿ ನೋಡಿಬರಬೇಕಾಗುತ್ತದೆ, ಅದಕ್ಕೂ ಖರ್ಚು ತಗಲುತ್ತದೆ. ಆ ಖರ್ಚನ್ನು ಸಂತೋಷದಿಂದ ಭರಿಸುವ ದಾನಿಯೇ ತನ್ನ ದಾನದ ಗತಿಯನ್ನು ನಿಜವಾಗಿ ತಿಳಿಯಬಲ್ಲ.

ಜಿನೀವಾ, ರಾಜಶಾಹಿ, ಮಲಾವಿಗಳ ಈ ಅನುಭವ ಒಂದು ಶಾಲೆಯ ಆವರಣಕ್ಕೆ ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ನಿಂತ ದಿನ ಹಾಜರಿ ಪುಸ್ತಕದಲ್ಲಿ ಅದರ ಗುರುತು ಬೀಳುತ್ತದೆ; ಅದನ್ನು ಉಪಾಧ್ಯಾಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಡೆದ ನಲ್ಲಿ, ಮುಗಿದ ಫಿನಾಯಿಲು, ಬಾರದ ಜಾಡಮಾಲಿ ಇವು ಯಾವ ಯೋಜನಾವರದಿಯಲ್ಲೂ ಬಾರದ, ಆದರೆ ಯೋಜನೆಯ ಹಣೆಬರಹವನ್ನು ನಿರ್ಣಯಿಸುವ ಸಂಗತಿಗಳು. ಜಮಾಖರ್ಚನ್ನು ವಾಣಿಜ್ಯದ ವಿಷಯವೆಂದು ಮಾತ್ರ ಕಲಿಸದೆ, ಅನ್ಯರ ಹಣವನ್ನು ಹಿಡಿಯುವ ಕೈಯ ಶೀಲವೆಂದು ಕಲಿಸಿದರೆ ವಿದ್ಯಾರ್ಥಿಗೆ ಅದು ಯಾವ ನೀತಿಪಾಠಕ್ಕೂ ಕಡಿಮೆಯಾಗದು. ಲೆಕ್ಕಪರಿಶೋಧಕರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ ಊರೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನ ಒಂದು ಸಣ್ಣ ಸೇವಾಸಂಘದ ಲೆಕ್ಕವನ್ನು ನೇರ್ಪಡಿಸಿಕೊಟ್ಟರೆ, ಅದು ಕಟ್ಟಡದ ದೇಣಿಗೆಗಿಂತ ಕಿರಿದಾದ ಸೇವೆಯಲ್ಲ.

ದಾನಿಗಳ ಪಾಲಿಗೆ ಉಳಿದಿರುವುದು ಕೇಳುವ ಪ್ರಶ್ನೆಯನ್ನು ಬದಲಿಸಿಕೊಳ್ಳುವುದು. ‘ಎಷ್ಟು ಕಟ್ಟಿದಿರಿ?’ ಎಂದು ಕೇಳುವುದರ ಜೊತೆಗೆ ‘ಕಟ್ಟಿದುದನ್ನು ಯಾರು ತೊಳೆಯುತ್ತಾರೆ, ಅವರಿಗೆ ಎಷ್ಟು ಕೊಡುತ್ತೀರಿ, ಗುಂಡಿ ತುಂಬಿದಾಗ ಏನು ಮಾಡುತ್ತೀರಿ?’ ಎಂದೂ ಕೇಳಬೇಕು. ಉತ್ತರ ಸಮರ್ಪಕವಾಗಿಲ್ಲದಿದ್ದರೆ, ಕೊಡುವ ಹಣದಲ್ಲಿ ಒಂದು ಪಾಲನ್ನು ಆ ಕೆಲಸಕ್ಕೇ ಎತ್ತಿಡಲು ಹೇಳಬೇಕು. ಅಂಥ ಪಾಲಿಗೆ ಅಮೃತಶಿಲೆಯ ಫಲಕ ಬಾರದಿರಬಹುದು. ಆದರೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ಹಿಂಜರಿಯದೆ ಬಾಗಿಲು ತೆರೆದು, ನೀರು ಸುರಿದು, ಕೈತೊಳೆದು ತರಗತಿಗೆ ಮರಳುವ ಮಗುವೊಂದು ಆ ದಾನದ ರಸೀದಿಗೆ ದಿನವೂ ಸಹಿ ಹಾಕುತ್ತಿರುತ್ತದೆ.